ನೋಡಿದ್ದನ್ನು ಬರೆದಿಡುವ ಬಗೆ

ಶಿವಮೊಗ್ಗದ ಹಾಸ್ಟೆಲ್ ಕೋಣೆಯಲ್ಲಿ ರಾತ್ರಿಯಿಡೀ ಮೊಬೈಲಿನಲ್ಲಿ ಸಿನಿಮಾ, ಧಾರಾವಾಹಿ, ರೀಲ್ಸ್ ನೋಡುವ ವಿದ್ಯಾರ್ಥಿಗೆ, ಮರುವಾರ ಅವುಗಳಲ್ಲಿ ತನಗೆ ಉಳಿದದ್ದೇನೆಂದು ಹೇಳಲಾಗದಿದ್ದರೆ, ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡು ಬರೆಯತೊಡಗುವುದು ಒಳ್ಳೆಯದು. ದಿನಾಂಕ, ಕೃತಿಯ ಹೆಸರು, ಯಾರೊಡನೆ ನೋಡಿದಿರಿ ಎಂಬಷ್ಟು ಮೊದಲ ಸಾಲಿನಲ್ಲಿರಲಿ.

ಕಥೆಯ ಸಾರಾಂಶ ಬೇಡ. ಅದು ಎಲ್ಲಿಯಾದರೂ ಸಿಗುತ್ತದೆ. ಮನಸ್ಸಿನಲ್ಲಿ ನಿಂತ ಒಂದೇ ದೃಶ್ಯವನ್ನು ಆರಿಸಿಕೊಂಡು, ಕ್ಯಾಮೆರಾ ಎಲ್ಲಿತ್ತು, ಯಾವ ಸದ್ದು ಕೇಳಿಸಿತು, ಪಾತ್ರ ಮಾತು ನಿಲ್ಲಿಸಿದ್ದು ಯಾವಾಗ ಎಂಬುದನ್ನು ಬರೆಯಿರಿ. ನಮ್ಮ ಊರುಗಳೇ ತೆರೆಯ ಮೇಲೆ ಬಂದಾಗ ಈ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ. ಶಂಕರ್ ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದರು. ಆರ್.ಕೆ. ನಾರಾಯಣ್ ಕಲ್ಪಿಸಿದ ಊರಿಗೆ ಮಲೆನಾಡಿನ ಹಂಚಿನ ಮನೆ, ಜಗಲಿ, ಬೀದಿಗಳು ಹೇಗೆ ಹೊಂದಿಕೊಂಡವು ಎಂದು ಒಂದು ಕಂತನ್ನು ನೋಡಿ ಬರೆದು, ಬಳಿಕ ಬಸ್ಸು ಹತ್ತಿ ಆಗುಂಬೆಗೆ ಹೋಗಿ, ಆ ಬೀದಿಯಲ್ಲಿ ನಿಂತು ಅದೇ ಪುಟವನ್ನು ತಿದ್ದಿರಿ. ನನ್ನ ಮಟ್ಟಿಗೆ ಇದಕ್ಕಿಂತ ಉತ್ತಮವಾದ ಪಾಠ ಬೇರೆಯಿಲ್ಲ.

ಸಾಗರದ ಬಳಿಯ ಹೆಗ್ಗೋಡಿನಲ್ಲಿ, 1949ರಲ್ಲಿ ಆರಂಭವಾದ ನೀನಾಸಮ್ ರಂಗಸಂಸ್ಥೆಯ ನಾಟಕವನ್ನೋ ಊರಿನ ಯಕ್ಷಗಾನವನ್ನೋ ನೋಡಿದ ಮರುದಿನ, ಜನ ಎಲ್ಲಿ ನಕ್ಕರು, ನಿಮಗೆ ಎಲ್ಲಿ ನಗು ಬರಲಿಲ್ಲ ಎಂಬುದನ್ನೂ ದಾಖಲಿಸಿ.

ಮೆಚ್ಚಿದ್ದಕ್ಕೆ ನಾಚಿಕೆ ಬೇಡ. ಅಜ್ಜಿ ಸಂಜೆ ನೋಡುವ ಧಾರಾವಾಹಿಗೂ ಒಂದು ಪುಟವಿರಲಿ. ರಜೆಗೆ ಮನೆಗೆ ಹೋದಾಗ ಅವರ ಪಕ್ಕ ಕುಳಿತು, ಅವರ ಮಾತನ್ನು ಅವರ ನುಡಿಯಲ್ಲೇ ಬರೆದುಕೊಳ್ಳಿ. ತಿಂಗಳ ಕೊನೆಗೆ ಎಲ್ಲವನ್ನೂ ಓದಿ, ಅಭಿಪ್ರಾಯ ಬದಲಾಗಿದ್ದರೆ ಹಳೆಯದನ್ನು ಹೊಡೆದುಹಾಕದೆ ಅಂಚಿನಲ್ಲಿ ಬೇರೆ ಬಣ್ಣದ ಶಾಯಿಯಿಂದ ಹೊಸದನ್ನು ಸೇರಿಸಿ.