ಹರಿದ ಸೀರೆ ಬೇಡ, ಹಳೇ ಸೋಫಾ ತನ್ನಿ

ನಮ್ಮದು ಸಾಗರದ ಒಂದು ಸಣ್ಣ ಹವ್ಯಾಸಿ ತಂಡ. ನೀನಾಸಂ ರಂಗಸಂಸ್ಥೆಯ ಊರು ಹೆಗ್ಗೋಡು ಪಕ್ಕದಲ್ಲೇ ಇರೋದರಿಂದ ಇಲ್ಲಿ ನಾಟಕ ನೋಡಿ ಬೆಳೆದವರು ಜಾಸ್ತಿ, ತಪ್ಪು ಹಿಡಿಯುವವರೂ ಅಷ್ಟೇ ಜಾಸ್ತಿ. ಮೋಹನ್ ರಾಕೇಶರ 'ಆಧೇ ಅಧೂರೇ' ಮಾಡೋಣ ಅಂದಾಗ ಅರ್ಧ ಜನ ಮುಖ ಸಿಂಡರಿಸಿದರು. 1969ರ ಹಿಂದಿ ನಾಟಕ, ನಮ್ಮೂರಲ್ಲಿ ಯಾರು ನೋಡ್ತಾರೆ ಅಂತ. ಸುಮ್ನೆ ಕಥೆ ಹೇಳಿದೆ. ವ್ಯಾಪಾರದಲ್ಲಿ ಕೈಸುಟ್ಟುಕೊಂಡು ಮನೆಯಲ್ಲಿ ಕೂತ ಗಂಡ, ಆಫೀಸಿಗೆ ಹೋಗಿ ಸಂಸಾರ ಎಳೆಯುವ ಹೆಂಡತಿ, ಓಡಿಹೋಗಿ ಮದುವೆಯಾಗಿ ತವರಿಗೆ ವಾಪಸ್ ಬಂದ ದೊಡ್ಡ ಮಗಳು, ಕೆಲಸವಿಲ್ಲದ ಮಗ, ಬಾಯಿಜೋರಿನ ಚಿಕ್ಕವಳು. "ಇದು ನಮ್ಮ ಚಿಕ್ಕಪ್ಪನ ಮನೇನೇ ಅಲ್ವಾ ಸಾರ್" ಅಂದ ಒಬ್ಬ ಹುಡುಗ. ನಾಟಕ ಗಟ್ಟಿಯಾಯಿತು.

ಅನುಮತಿ ವಿಷಯ ಮೊದಲೇ ಹೇಳಿಬಿಡುತ್ತೇನೆ. ರಾಕೇಶ್ ತೀರಿಕೊಂಡಿದ್ದು 1972ರಲ್ಲಿ, ನಮ್ಮ ಕಾನೂನಿನಲ್ಲಿ ಲೇಖಕರು ಹೋದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಹಾಗಾಗಿ ಕನ್ನಡ ಅನುವಾದಕರ ಒಪ್ಪಿಗೆ ಒಂದೇ ಸಾಲದು, ಮೂಲದ ಹಕ್ಕಿನವರಿಗೂ ಬರೆಯಬೇಕು.

ತಾಲೀಮು ಸಂಜೆ ಆರೂವರೆಯಿಂದ, ಒಂದು ಶಾಲೆಯ ಹಾಲ್‌ನಲ್ಲಿ. ಮೊದಲ ಎರಡು ವಾರ ನಾನೇ ಕೆಡಿಸಿದೆ. ಕಷ್ಟದ ಸಂಸಾರ ಅಂದರೆ ಅಳಬೇಕು ಅಂತ ಎಲ್ಲರ ತಲೆಯಲ್ಲೂ ಇತ್ತು, ನಾನೂ ತಡೆಯಲಿಲ್ಲ. ಹೆಂಡತಿ ಸಾವಿತ್ರಿಯ ಪಾತ್ರದವರು (ಪೋಸ್ಟಾಫೀಸಿನಲ್ಲಿ ಕೆಲಸ) ಮೊದಲ ದೃಶ್ಯಕ್ಕೇ ಗಂಟಲು ಕಟ್ಟಿಸಿಕೊಂಡು ನಿಲ್ಲುತ್ತಿದ್ದರು. ಆಮೇಲೆ ಎರಡು ಗಂಟೆ ಏನು ಮಾಡೋದು? ಒಂದಿನ ಕೇಳಿದೆ, "ಮೇಡಂ, ಮನೆಗೆ ಹೋದ ತಕ್ಷಣ ಏನ್ ಮಾಡ್ತೀರಿ?" "ಅಳೋಕೆ ಎಲ್ಲಿ ಪುರುಸೊತ್ತು ಸಾರ್, ಕುರ್ಚಿ ಮೇಲಿನ ಬಟ್ಟೆ ಮಡಚ್ತೀನಿ" ಅಂದರು. ಅವತ್ತಿಂದ ಒಂದೇ ನಿಯಮ: ಕೈಯಲ್ಲಿ ಕೆಲಸ ಇಲ್ಲದೆ ಯಾರೂ ಮಾತು ಹೇಳುವ ಹಾಗಿಲ್ಲ. ಟವೆಲ್ ಮಡಚುತ್ತಾ ಗಂಡನಿಗೆ ಮಾತಲ್ಲೇ ಚುಚ್ಚುವಾಗ ಮಡಿಕೆ ತಾನಾಗೇ ಬಿಗಿಯಾಗುತ್ತಿತ್ತು. ಕೊನೆಗೆ ಅದನ್ನು ಅವರು ಬಿಡಿಸಿ ಮತ್ತೆ ಮಡಚಿದರು. ನಾನು ಹೇಳಿಕೊಟ್ಟಿದ್ದಲ್ಲ.

ರಂಗಸಜ್ಜಿಕೆಗೂ ಅದೇ ಪಾಠ. ಹುಡುಗರು ಹರಿದ ಚಾಪೆ, ಬಿರುಕುಬಿಟ್ಟ ಗೋಡೆ ಅಂತ ಹೊರಟಿದ್ದರು. ನಾಟಕದಲ್ಲಿ ಇರೋದು ಬೇರೆ: ಒಂದು ಕಾಲಕ್ಕೆ ಚೆನ್ನಾಗಿದ್ದ ಸೋಫಾ, ಊಟದ ಟೇಬಲ್, ಬೀರು ಎಲ್ಲ ಒಂದೇ ಕೋಣೆಗೆ ತುರುಕಿದ ಮನೆ. ಇಳಿದುಹೋದವರ ಮನೆಯಲ್ಲಿ ಸಾಮಾನು ಕಮ್ಮಿ ಇರೋದಿಲ್ಲ, ಜಾಗ ಕಮ್ಮಿ ಇರುತ್ತದೆ. ಪರಿಚಯದ ಒಂದು ಮನೆಯಿಂದ ತೇಗದ ಸೋಫಾ ಕೇಳಿ ತಂದೆವು. ಅವರ ಮನೆಯೂ ಹೆಚ್ಚುಕಮ್ಮಿ ಇದೇ ನಾಟಕ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ದೊಡ್ಡ ತಲೆನೋವು ಅಂದರೆ ಮಗನ ಪಾತ್ರ ಬಿಟ್ಟು ಉಳಿದ ಐದು ಗಂಡಸರನ್ನೂ ಒಬ್ಬನೇ ನಟ ಮಾಡಬೇಕು. ಯಾವ ಗಂಡಸಿನ ಹಿಂದೆ ಹೋದರೂ ಸಾವಿತ್ರಿಗೆ ಸಿಗೋದು ಅದೇ ಮುಖ. ನಮ್ಮಲ್ಲಿ ಇದನ್ನು ಮಾಡಿದ್ದು ಒಬ್ಬ ಬಸ್ ಕಂಡಕ್ಟರ್. ಮೀಸೆ, ವಿಗ್ ಎಲ್ಲ ಬಿಟ್ಟೆವು. ಒಬ್ಬನಿಗೆ ಕೋಟು, ಒಬ್ಬನಿಗೆ ಕನ್ನಡಕ, ನಡಿಗೆ ಬೇರೆ, ಅಷ್ಟೇ. ಕೊನೆಯಲ್ಲಿ ಗಂಡನ ಗೆಳೆಯ ಜುನೇಜಾ ಆಗಿ ಹೊರಗೆ ಹೋದವನು ಸ್ವಲ್ಪ ಹೊತ್ತಿಗೇ ಗಂಡ ಮಹೇಂದ್ರನಾಥ ಆಗಿ ವಾಪಸ್ ಬರಬೇಕು. ಟೈಲರ್ ಅಣ್ಣ ಕೋಟಿನ ಗುಂಡಿ ಕಿತ್ತು ಟಿಚ್ ಬಟನ್ ಹಾಕಿಕೊಟ್ಟರು. ರಂಗದ ಪಕ್ಕದ ಮರೆಯಲ್ಲಿ (ವಿಂಗ್) ಒಬ್ಬ ತೋಳು ಎಳೆಯೋದು, ಇನ್ನೊಬ್ಬ ಟಾರ್ಚ್ ಹಿಡಿಯೋದು. ಈ ಬದಲಾವಣೆ ಒಂದನ್ನೇ ಮೂವತ್ತು ಸಲ ಮಾಡಿದ್ದೇವೆ.

ಶೋ ದಿನ ಡಿಮ್ಮರ್ ಕೈಕೊಟ್ಟಿತು. ಮೆಲ್ಲಗೆ ಕತ್ತಲಾಗಬೇಕಿದ್ದ ಕಡೇ ದೃಶ್ಯ ಪೂರ್ತಿ ಬೆಳಕಲ್ಲೇ ನಡೆಯಿತು, ಕಂಡಕ್ಟರ್ ಒಂದು ತೋಳು ಕೋಟಿನಲ್ಲೇ ಸಿಕ್ಕಿಸಿಕೊಂಡು ಬಂದ. ನಾನು ಹಣೆ ಚಚ್ಚಿಕೊಂಡೆ. ಜನ ಮಾತ್ರ ನಗಲಿಲ್ಲ, ಹುಷಾರಿಲ್ಲದ ಮನುಷ್ಯ ಹೀಗೇ ಬರೋದು ಅಂದುಕೊಂಡರೋ ಏನೋ.

ಸೋಫಾ ಕೊಟ್ಟ ಅಮ್ಮ ಮುಂದಿನ ಸಾಲಲ್ಲೇ ಕೂತಿದ್ದರು. ನಾಟಕ ಮುಗಿದ ಮೇಲೆ ನಟರನ್ನು ದಾಟಿ ನೇರ ರಂಗದ ಮೇಲೆ ಬಂದರು. ಮಗನ ಪಾತ್ರದವನು ಪತ್ರಿಕೆಯಿಂದ ನಟಿಯರ ಚಿತ್ರ ಕತ್ತರಿಸುತ್ತಾ ಕೂರುತ್ತಾನಲ್ಲ, ಆ ಜಾಗ ಸೆರಗಲ್ಲಿ ಒರೆಸಿದರು. "ಕತ್ತರಿ ಇಲ್ಲೇ ಇಟ್ಟಿದ್ದ ಆ ಹುಡುಗ. ಗೀರು ಬಿದ್ದಿಲ್ಲ ತಾನೇ?"