ಎಂಜಿನ್‌ನಲ್ಲಿ ಟಿಕ್ ಟಿಕ್ ಸದ್ದು: ಟ್ಯಾಪೆಟ್ಟೋ, ಟೈಮಿಂಗ್ ಚೈನೋ?

ಬಾನೆಟ್ ಒಳಗಿಂದ ಟಿಕ್ ಟಿಕ್ ಕೇಳಿಸಿತೆಂದು ಚೈನ್ ಸೆಟ್ ಬದಲಿಸಲು ಹೊರಡಬೇಡಿ. ಟ್ಯಾಪೆಟ್ ಎಂದರೆ ವಾಲ್ವನ್ನು ಒತ್ತಿ ತೆರೆಯುವ ಭಾಗ; ಟೈಮಿಂಗ್ ಚೈನ್ ಎಂದರೆ ವಾಲ್ವ್‌ಗಳನ್ನು ಪಿಸ್ಟನ್‌ಗಳ ಚಲನೆಗೆ ಹೊಂದಿಸುವ ಸರಪಳಿ. ಎಂಜಿನ್ ಬಿಚ್ಚುವ ಮೊದಲೇ ಅರ್ಧ ಗಂಟೆಯಲ್ಲಿ ಎಷ್ಟೋ ತಿಳಿದುಕೊಳ್ಳಬಹುದು.

ಶುರು ಮಾಡಬೇಕಾದದ್ದು ಆಯಿಲ್‌ನಿಂದ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, 10 ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮತ್ತು ಹೈಡ್ರಾಲಿಕ್ ಟ್ಯಾಪೆಟ್ ಹೆಚ್ಚಿನ ಎಂಜಿನ್‌ಗಳಲ್ಲಿ ಆಯಿಲ್ ಪ್ರೆಷರ್‌ನಿಂದಲೇ ಕೆಲಸ ಮಾಡುತ್ತವೆ. ಆಯಿಲ್ ಕಡಿಮೆಯಾದರೆ ಪಂಪ್ ಗಾಳಿ ಎಳೆದುಕೊಳ್ಳುತ್ತದೆ, ಎರಡೂ ಸಡಿಲವಾಗುತ್ತವೆ. ಕಂಪನಿ ಹೇಳಿದ್ದಕ್ಕಿಂತ ಬೇರೆ ಗ್ರೇಡ್ ಆಯಿಲ್ ಹಾಕಿದ್ದರೂ ಇದೇ ತೊಂದರೆ. ಕಳಪೆ ಫಿಲ್ಟರ್ ಕೂಡ ಕಾರಣವಾಗುತ್ತದೆ: ಅದರೊಳಗಿನ ರಬ್ಬರ್ ವಾಲ್ವ್ ಗಟ್ಟಿಯಾಗಿದ್ದರೆ ರಾತ್ರಿಯಿಡೀ ಆಯಿಲ್ ಕೆಳಗಿಳಿದು, ಬೆಳಿಗ್ಗೆ ಒಂದೆರಡು ಸೆಕೆಂಡ್ ಎಂಜಿನ್ ಒಣಗಿದಂತೆ ಓಡುತ್ತದೆ. ಸದ್ದಿನ ಜೊತೆ ಕೆಂಪು ಆಯಿಲ್ ಲೈಟ್ ಉರಿದರೆ ಅಲ್ಲೇ ಆಫ್ ಮಾಡಿ, ಗಾಡಿಯನ್ನು ಎಳೆಸಿಕೊಂಡು ಹೋಗಿ.

ಆಯಿಲ್ ಸರಿಯಿದ್ದರೆ ಸದ್ದಿನ ವೇಗ ಎಣಿಸಿ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ವೇಗ) 800 ಆರ್‌ಪಿಎಂ, ಅಂದರೆ ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು, ಇದ್ದರೆ ಒಂದು ಟ್ಯಾಪೆಟ್ ನಿಮಿಷಕ್ಕೆ 400 ಸಲ ಬಡಿಯುತ್ತದೆ, ಅಂದರೆ 10 ಸೆಕೆಂಡಿಗೆ ಸುಮಾರು 67. ಕಿವಿಗೆ ಇದನ್ನು ಎಣಿಸಲಾಗದು; ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ನಿಧಾನ ವೇಗದಲ್ಲಿ ಪ್ಲೇ ಮಾಡಿ ಕೇಳಿ. ಎಣಿಕೆ 67ರ ಹತ್ತಿರ ಬಂದರೆ ಮೇಲಿನ ವಾಲ್ವ್ ಭಾಗದ ಕಡೆಗೆ ಅನುಮಾನ. 133ರ ಹತ್ತಿರ, ಅಂದರೆ ಕ್ರ್ಯಾಂಕ್‌ನ ವೇಗಕ್ಕೇ ಹೊಂದಿದರೆ, ಪಿಸ್ಟನ್ ಅಥವಾ ಬೇರಿಂಗ್ ಕಡೆಗೆ. ಚೈನ್ ಸದ್ದು ಹೀಗೆ ಎಣಿಸಿದಂತೆ ಬರುವುದಿಲ್ಲ. ಅದು ಗರಗರ, ಖಟಖಟ ಎಂದು ಕವರ್‌ಗೆ ಬಡಿದಂತೆ ಕೇಳಿಸುತ್ತದೆ. ತಣ್ಣನೆಯ ಸ್ಟಾರ್ಟ್‌ನಲ್ಲಿ ಮತ್ತು ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಜೋರಾಗುತ್ತದೆ.

ಇನ್ನು ಜಾಗ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್‌ಗೆ ಇಟ್ಟು, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ. ಹೆಡ್ ಕವರ್ ಮೇಲೆ ಒಂದೊಂದು ಸಿಲಿಂಡರ್, ಆಮೇಲೆ ಟೈಮಿಂಗ್ ಕವರ್, ಕೊನೆಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳು. ಇಂಜೆಕ್ಟರ್‌ನ ಸಣ್ಣ ಚಿಟಿಕೆಯಂಥ ಸದ್ದು ಸಹಜ, ಅದಕ್ಕೆ ಹೆದರಬೇಡಿ. ಕೂದಲು, ದುಪಟ್ಟಾ, ಸಡಿಲ ತೋಳು ಬೆಲ್ಟ್ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನ್ ಸೂಚನೆ ಇಲ್ಲದೆ ತಿರುಗಲು ಶುರುವಾಗುತ್ತದೆ.

ಹೊರಗಿನವುಗಳನ್ನೂ ತೆಗೆದುಹಾಕಬೇಕು. ಆಲ್ಟರ್ನೇಟರ್ ಬೆಲ್ಟ್ ಬಿಚ್ಚಿ ಎಂಜಿನ್ ಓಡಿಸಿದಾಗ ಸದ್ದು ನಿಂತರೆ ದೋಷ ಟೈಮಿಂಗ್‌ನದ್ದಲ್ಲ. ಆದರೆ 30 ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ. ಬಹಳ ಕಾರುಗಳಲ್ಲಿ ವಾಟರ್ ಪಂಪ್ ಓಡುವುದು ಅದೇ ಬೆಲ್ಟ್‌ನಿಂದ. ತಣ್ಣಗಿರುವಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾಗುವ ಟಿಕ್, ಜೊತೆಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಜಾಯಿಂಟ್‌ನಲ್ಲಿ ಕಪ್ಪು ಮಸಿ ಕಂಡರೆ ಅದು ಗ್ಯಾಸ್ಕೆಟ್ ಲೀಕ್. ಇದನ್ನು ಟ್ಯಾಪೆಟ್ ಎಂದು ತಪ್ಪು ತಿಳಿಯುವುದು ತೀರಾ ಸಾಮಾನ್ಯ.

ನಿಮ್ಮ ಎಂಜಿನ್‌ನಲ್ಲಿರುವುದು ಟೈಮಿಂಗ್ ಚೈನೋ ಟೈಮಿಂಗ್ ಬೆಲ್ಟೋ ಎಂದೂ ತಿಳಿದಿರಬೇಕು. ಹಳೆಯ ಮಾರುತಿ 800ರಲ್ಲಿದ್ದದ್ದು ರಬ್ಬರ್ ಬೆಲ್ಟ್. ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಎಂಜಿನ್‌ನಲ್ಲಿ ಚೈನ್. ಅಂಚು ಹರಿದ ಬೆಲ್ಟ್ ಕವರ್‌ಗೆ ತಾಗಿದರೂ ಟಿಕ್ ಎನ್ನುತ್ತದೆ. ಆಗ ಕಾರನ್ನು ಓಡಿಸಲೇಬೇಡಿ.

ಚೈನ್ ಮೇಲೆ ಅನುಮಾನ ಬಲವಾದರೆ ಕಾರಿನ ದೋಷ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0016 ಕೋಡ್ ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಸ್ಥಾನ ಹೊಂದುತ್ತಿಲ್ಲ ಎಂದರ್ಥ. ಸೆನ್ಸರ್ ಅಥವಾ ವೈರಿಂಗ್ ಕೆಟ್ಟರೂ ಇದು ಬರಬಹುದು, ಹಾಗಾಗಿ ಸದ್ದಿನ ಜೊತೆ ಸೇರಿಸಿಯೇ ಓದಬೇಕು. ಟೆನ್ಷನರ್ ಬಿಚ್ಚಿದಾಗ ಪ್ಲಂಜರ್ (ಚೈನ್ ಕಡೆಗೆ ಒತ್ತುವ ಕಡ್ಡಿ) ಪೂರ್ತಿ ಹೊರಬಂದಿದ್ದರೆ ಚೈನ್ ಹಿಗ್ಗಿ ಉದ್ದವಾಗಿದೆ ಅಥವಾ ಗೈಡ್ (ಚೈನ್ ಜಾರುವ ಪಟ್ಟಿ) ಸವೆದಿದೆ. ಟ್ಯಾಪೆಟ್ ಕಡೆ ಅನುಮಾನವಿದ್ದು, ಅವು ಹೈಡ್ರಾಲಿಕ್ ಅಲ್ಲದಿದ್ದರೆ, ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್‌ನಿಂದ (ಗ್ಯಾಪ್‌ನಲ್ಲಿ ತೂರಿಸಿ ಅಳೆಯುವ ತೆಳು ಪಟ್ಟಿಗಳು) ಟ್ಯಾಪೆಟ್ ಗ್ಯಾಪ್ ಅಳೆದು ಸರ್ವಿಸ್ ಮ್ಯಾನ್ಯುವಲ್‌ನ ಅಳತೆಗೆ ಹೋಲಿಸಿ. ಸದ್ದು ಕಡಿಮೆ ಮಾಡಲೆಂದು ಗ್ಯಾಪ್ ತೀರಾ ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಚೈನ್ ಬದಲಿಸುವುದೇ ಆದರೆ ಟೆನ್ಷನರ್, ಗೈಡ್, ಸ್ಪ್ರಾಕೆಟ್ (ಹಲ್ಲಿನ ಚಕ್ರ) ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಸವೆದ ಹಲ್ಲುಗಳು ಹೊಸ ಚೈನನ್ನೂ ಬೇಗ ಹಾಳುಮಾಡುತ್ತವೆ. ಹೊಸ ಟೆನ್ಷನರನ್ನು ಒತ್ತಿಹಿಡಿದಿರುವ ಪಿನ್ ಎಳೆದ ಮೇಲೆ ಕ್ರ್ಯಾಂಕನ್ನು ಪಾನಾದಿಂದ, ಎಂಜಿನ್ ತಿರುಗುವ ದಿಕ್ಕಿನಲ್ಲೇ, ಪೂರ್ತಿ 2 ಸುತ್ತು ತಿರುಗಿಸಿ ಟೈಮಿಂಗ್ ಮಾರ್ಕ್‌ಗಳನ್ನು (ಕ್ರ್ಯಾಂಕ್, ಕ್ಯಾಮ್ ಹೊಂದಿಸುವ ಗುರುತುಗಳು) ಮತ್ತೆ ನೋಡಬೇಕು. ಮಧ್ಯೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ: ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು. ಮಾರ್ಕ್‌ಗಳನ್ನು ಮೊದಲಿಂದ ಹೊಂದಿಸಿ.