ಮನೆಯ ಫೋನ್ ಖರ್ಚು: ಮಂಗಳೂರಿಗೆ ಹೊಸದಾಗಿ ಬಂದವರಿಗೆ

ಘಟ್ಟ ಇಳಿದು ಬಂದು ಇಲ್ಲಿ ಮನೆ ಮಾಡಿದ ಮೊದಲ ತಿಂಗಳು ದುಡ್ಡು ನೀರಿನ ಹಾಗೆ ಹೋಗುತ್ತದೆ. ಬಾಡಿಗೆ ಅಡ್ವಾನ್ಸ್, ಶಾಲೆ ಫೀಸು, ಗ್ಯಾಸು. ಇವೆಲ್ಲ ಲೆಕ್ಕಕ್ಕೆ ಸಿಗುತ್ತವೆ. ಫೋನಿನ ಖರ್ಚು ಸಿಗುವುದಿಲ್ಲ, ಯಾಕೆಂದರೆ ಅದು ಚಿಲ್ಲರೆಯಾಗಿ ಹೋಗುತ್ತದೆ. ಇವತ್ತು ಅಮ್ಮನ ರೀಚಾರ್ಜ್, ಮುಂದಿನ ವಾರ ಮಗನದು, ಆಮೇಲೆ ವೈಫೈ ಬಿಲ್.

ಮೊದಲನೆಯದಾಗಿ, ಊರು ಬದಲಾಯಿತು ಅಂತ ಹೊಸ ಸಿಮ್ ತೆಗೆದುಕೊಳ್ಳಬೇಡಿ. ಇಡೀ ಕರ್ನಾಟಕ ಒಂದೇ ಟೆಲಿಕಾಂ ಸರ್ಕಲ್. ವಿಜಯಪುರದಲ್ಲಿ ತೆಗೆದ ನಂಬರಿಗೂ ಹಂಪನಕಟ್ಟೆಯಲ್ಲಿ ತೆಗೆದ ನಂಬರಿಗೂ ದರದಲ್ಲಿ ವ್ಯತ್ಯಾಸ ಇಲ್ಲ. ಮುಂಬೈ, ಸೊಲ್ಲಾಪುರದ ಕಡೆಯಿಂದ ಬಂದವರಿಗೂ ಈಗಿನ ಅನ್‌ಲಿಮಿಟೆಡ್ ಪ್ಯಾಕ್‌ಗಳಲ್ಲಿ ರೋಮಿಂಗ್ ಸೇರಿಯೇ ಇರುತ್ತದೆ. ಎರಡನೇ ಸಿಮ್ ಅಂದರೆ ಎರಡನೇ ರೀಚಾರ್ಜ್, ಅಷ್ಟೇ.

ಸಿಗ್ನಲ್ ವಿಷಯ ಮಾತ್ರ ಬೇರೆ. ಇಲ್ಲಿ ಏರು ತಗ್ಗು ಜಾಸ್ತಿ. ರಸ್ತೆಯಲ್ಲಿ ಚೆನ್ನಾಗಿ ಸಿಗುವ ಫೋನು ಗುಡ್ಡದ ಬುಡದ ಮನೆಯೊಳಗೆ ಸಿಗದೇ ಹೋಗಬಹುದು. ಯಾವ ಕಂಪನಿ ಸಿಗುತ್ತದೆ ಅಂತ ಪಕ್ಕದ ಮನೆಯವರನ್ನೇ ಕೇಳಿ, ಅವರಿಗಿಂತ ಚೆನ್ನಾಗಿ ಹೇಳುವವರು ಇಲ್ಲ. ಬದಲಾಯಿಸಲೇಬೇಕು ಅಂತಾದರೆ ನಂಬರ್ ಉಳಿಸಿಕೊಂಡೇ ಪೋರ್ಟ್ ಮಾಡಿ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದು ನಾಲ್ಕು ದಿನ ನಡೆಯುತ್ತದೆ. ಅಷ್ಟರಲ್ಲಿ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಆದರೆ ಬಿಲ್ ಬಾಕಿ ಇರಬಾರದು. ಹಳೆಯ ಪ್ಯಾಕಿನಲ್ಲಿ ಉಳಿದ ದಿನಗಳು ಹೊಸ ಕಂಪನಿಗೆ ಬರುವುದಿಲ್ಲ. ಹಾಗಾಗಿ ಪ್ಯಾಕ್ ಮುಗಿಯುವ ವಾರದಲ್ಲಿ ಮಾಡಿ.

ಇನ್ನು ನಿಜವಾದ ಉಳಿತಾಯದ ಜಾಗಕ್ಕೆ ಬರೋಣ. ಒಂದು ಸಂಜೆ ಮನೆಯವರೆಲ್ಲ ಫೋನ್ ಹಿಡಿದು ಒಟ್ಟಿಗೆ ಕೂತುಕೊಳ್ಳಿ. ಒಂದು ಹಾಳೆಯಲ್ಲಿ ಪ್ರತಿ ನಂಬರಿನ ಎದುರು ಎಷ್ಟು ರೂಪಾಯಿ, ಎಷ್ಟು ದಿನ, ದಿನಕ್ಕೆ ಎಷ್ಟು ಡೇಟಾ ಅಂತ ಬರೆಯಿರಿ. ಆಮೇಲೆ ಒಬ್ಬೊಬ್ಬರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹೋದ ತಿಂಗಳು ನಿಜವಾಗಿ ಎಷ್ಟು ಮೊಬೈಲ್ ಡೇಟಾ ಖರ್ಚಾಗಿದೆ ನೋಡಿ ಪಕ್ಕದಲ್ಲಿ ಹಾಕಿ. ಅಜ್ಜಿಯ ಸಾಲು ನೋಡಿದರೆ ಗೊತ್ತಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್, ಅವರು ಮಾಡುವುದು ಊರಿಗೆ ಎರಡು ಕರೆ. ಮನೆಯಲ್ಲೇ ಇರುವವರದ್ದೂ ಹೆಚ್ಚುಕಡಿಮೆ ಇದೇ ಕಥೆ. ಮನೆಯಲ್ಲಿ ವೈಫೈ ಇದ್ದೂ ಎಲ್ಲ ಫೋನಿಗೂ ಡೇಟಾ ಪ್ಯಾಕ್ ಹಾಕಿಸುವುದು ಅಂದರೆ ಒಂದೇ ಇಂಟರ್‌ನೆಟ್‌ಗೆ ಎರಡು ಸಲ ದುಡ್ಡು ಕೊಟ್ಟಂತೆ.

ಇಂಥವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಸಾಕು. 2024ರ ಡಿಸೆಂಬರಿನಲ್ಲಿ ಟ್ರಾಯ್ (ಫೋನ್ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಣ ಸಂಸ್ಥೆ) ನಿಯಮ ತಿದ್ದಿದ ಮೇಲೆ ಕಂಪನಿಗಳು ಇಂಥ ಪ್ಯಾಕ್ ಕೊಡಲೇಬೇಕು. 365 ದಿನದವರೆಗಿನವೂ ಉಂಟು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ಕಂಪನಿಯ ಆ್ಯಪಿನಲ್ಲಿ ಕೆಳಗಿನ ತನಕ ಹೋಗಿ ಹುಡುಕಿ. ಡೇಟಾ ಇಲ್ಲದಿದ್ದರೂ ಮನೆಯ ವೈಫೈನಲ್ಲಿ ಅಜ್ಜಿಯ ವಾಟ್ಸಾಪ್, ವಿಡಿಯೋ ಕಾಲ್ ಎಲ್ಲ ನಡೆಯುತ್ತದೆ.

ದಿನಗಳ ಲೆಕ್ಕದಲ್ಲೂ ಜಾಗ್ರತೆ. 28 ದಿನದ ಪ್ಯಾಕ್ ತಿಂಗಳ ಪ್ಯಾಕ್ ಅಲ್ಲ, ವರ್ಷಕ್ಕೆ 13 ಸಲ ಹಾಕಿಸಬೇಕಾಗುತ್ತದೆ. 84 ದಿನದ್ದನ್ನು ನಾಲ್ಕು ಸಲ ಹಾಕಿಸಿದರೆ 336 ದಿನ, ಇನ್ನೂ 29 ದಿನ ಉಳಿಯುತ್ತದೆ. ಪ್ಯಾಕಿನ ಬೆಲೆಯನ್ನು ದಿನದಿಂದ ಭಾಗಿಸಿಯೇ ಹೋಲಿಸಿ.

ವೈಫೈ ಎಲ್ಲರಿಗೂ ಲಾಭ ಅಂತಲ್ಲ. ಇಬ್ಬರೇ ಇದ್ದು ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋಗುವವರಾದರೆ ಮೊಬೈಲ್ ಡೇಟಾ ಸಾಕು. ನಾಲ್ಕೈದು ಜನ, ಓದುವ ಮಕ್ಕಳು, ಟಿವಿಗೂ ಇಂಟರ್‌ನೆಟ್ ಬೇಕು ಅಂದರೆ ಮಾತ್ರ ಫೈಬರ್ ಹಾಕಿಸಿ. ಜಾಹೀರಾತಿನ ದರದ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, 500 ಅಂದದ್ದು ಬಿಲ್ಲಿನಲ್ಲಿ 590 ಆಗುತ್ತದೆ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಕಡಿಮೆ ಅಂತ ಆಸೆ ತೋರಿಸುತ್ತಾರೆ. ನಿಮ್ಮದು 11 ತಿಂಗಳ ಬಾಡಿಗೆ ಕರಾರು, ಅಲ್ವಾ? ಮನೆ ಬದಲಾಯಿಸಿದರೆ ಕನೆಕ್ಷನ್ ಅಲ್ಲಿಗೆ ಬರುತ್ತದಾ, ಅದಕ್ಕೆ ಎಷ್ಟು, ರೂಟರ್ ಯಾರದ್ದು ಅಂತ ಮೊದಲೇ ಕೇಳಿ. ಕಂಪನಿಯದ್ದಾದರೆ ವಾಪಸ್ ಕೊಡುವಾಗ ರಶೀದಿ ತೆಗೆದುಕೊಳ್ಳಿ.

ಇಲ್ಲಿಯ ಸಿಡಿಲಿಗೆ ನೀವು ಹೊಸಬರು. ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ಮಳೆಗಾಲ ಮುಗಿಯುವ ಹೊತ್ತಿಗೆ ಜೋರು ಗುಡುಗು ಮಿಂಚು ಬರುತ್ತದೆ. ಕರೆಂಟಿನ ದಾರಿಯಲ್ಲಿ ಬಂದ ಹೊಡೆತಕ್ಕೆ ರೂಟರ್ ಸುಟ್ಟರೆ ಒಂದು ವರ್ಷ ಉಳಿಸಿದ್ದು ಒಂದೇ ಸಂಜೆ ಹೋಗುತ್ತದೆ. ಗುಡುಗು ದೂರದಲ್ಲಿ ಇರುವಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ತಾಮ್ರದ ತಂತಿಯ ಹಳೆ ಲ್ಯಾಂಡ್‌ಲೈನ್ ಇದ್ದರೆ ಆ ತಂತಿಯನ್ನೂ ತೆಗೆಯಿರಿ.

ಫೈಬರ್ ಜೊತೆ ಲ್ಯಾಂಡ್‌ಲೈನ್ ಕರೆ ಸಾಮಾನ್ಯವಾಗಿ ಉಚಿತವಾಗಿ ಬರುತ್ತದೆ, ಸುಮ್ನೆ ಬಿಡಬೇಡಿ. ಅದರಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕಬೇಕು. ಹೊರಗಿನವರು ನಿಮ್ಮ ಲ್ಯಾಂಡ್‌ಲೈನಿಗೆ ಮಾಡಲು ಮಂಗಳೂರಿಗೆ 0824, ಉಡುಪಿಗೆ 0820.

ಮನೆಯವರು ಗಲ್ಫಿನಲ್ಲಿದ್ದರೆ, ದುಬೈ ಕಡೆ ವಾಟ್ಸಾಪ್ ಕರೆ ನಡೆಯುವುದಿಲ್ಲ. ಅಲ್ಲಿ ಒಪ್ಪಿಗೆ ಇರುವ ಆ್ಯಪ್ ಯಾವುದು ಅಂತ ಅವರನ್ನೇ ಕೇಳಿ ಹಾಕಿಕೊಳ್ಳಿ. ಗುರುತಿಲ್ಲದ ವಿದೇಶಿ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಬೇಡಿ.

ಬೇಡದ ಕಾಲರ್ ಟ್ಯೂನ್, ಜಾತಕದ ಮೆಸೇಜ್ ಮುಂತಾದವಕ್ಕೆ ದುಡ್ಡು ಕಡಿತ ಆಗುತ್ತಿದ್ದರೆ 155223ಕ್ಕೆ ಕರೆ ಮಾಡಿ ನಿಲ್ಲಿಸಬಹುದು. ಯುಪಿಐ ಆ್ಯಪಿನಲ್ಲಿ ಆಟೋಪೇ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ, ಬಿಟ್ಟುಬಂದ ಊರಿನ ಬ್ರಾಡ್‌ಬ್ಯಾಂಡ್ ಬಿಲ್ ಈಗಲೂ ಹೋಗುತ್ತಿರಬಹುದು.

ಬಿಲ್ಲಿನಲ್ಲಿ ತಪ್ಪಿದ್ದರೆ ಕಸ್ಟಮರ್ ಕೇರಿಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಸರಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಇದಕ್ಕೆ ಶುಲ್ಕ ಇಲ್ಲ. ಬರೆಯುವುದು ಕಷ್ಟ ಅನಿಸಿದರೆ ಬಿಲ್ಲು ಮತ್ತು ದೂರಿನ ನಂಬರ್ ಹಿಡಿದು ನಮ್ಮ ಸಂಘಕ್ಕೆ ಬನ್ನಿ, ಕೂತು ಬರೆದುಕೊಡುತ್ತೇವೆ.